ಮೋತಿಯ ಹೊಟ್ಟೆಯಲ್ಲಿ ಉಳಿದದ್ದು

ಹಳದಿ ನೊರೆಯ ನಡುವೆ ಗರಿಕೆಯ ಒಂದು ಎಸಳು ಇತ್ತು. ಎರಡು ಕಡೆ ಮಡಿಸಿದಂತೆ ಮುರಿದಿತ್ತು, ಹಸಿರು ಮಾತ್ರ ಹೋಗಿರಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಬೆಳಗಿನ ಬಿಸಿಲು ಆಗಷ್ಟೇ ಮುಟ್ಟಿದ ಜಾಗದಲ್ಲಿ. ನಾನು ಕಡ್ಡಿಯಿಂದ ಸರಿಸಿ ನೋಡಿದೆ. ನೊರೆ ಅಂಟಂಟಾಗಿತ್ತು. ಅನ್ನದ ಅಗುಳು ಇರಲಿಲ್ಲ, ರಕ್ತವೂ ಇರಲಿಲ್ಲ.

"ಅದನ್ನೇನ ನೋಡಾಕತ್ತಿ? ನೀರ ಹಾಕಿ ತಿಕ್ಕು," ಎಂದಳು ಅವ್ವ. "ನಾಯಿ ಹುಲ್ಲ ತಿಂದು ಕಾರಿಕೊಂತಂದ್ರ ಹೊಟ್ಟಿ ಹಸನ ಮಾಡ್ಕೊಂತು ಅಂತ."

ಅವ್ವ ಹೇಳಿದ್ದು ತಪ್ಪೇನೂ ಅಲ್ಲ. ನಾಯಿಗಳು ಸುಲಭವಾಗಿ ಕಾರಿಕೊಳ್ಳುತ್ತವೆ, ಕಾರಿಕೊಂಡು ಬಾಲ ಅಲ್ಲಾಡಿಸುತ್ತ ಮುಂದಿನ ಕೆಲಸಕ್ಕೆ ಹೋಗುತ್ತವೆ. ನಾನೂ ಕಲ್ಲು ತೊಳೆದು ಒಳಗೆ ಬಂದೆ.

ನಾಯಿಯ ಕಾಯಿಲೆಯ ಬಗ್ಗೆ ಇಷ್ಟು ಉದ್ದ ಬರೆಯಲು ನನಗೆ ಸಂಕೋಚವಿದೆ. ಮನೆಯ ಮಾತನ್ನು ಹೊರಗೆ ಆಡುವ ಅಭ್ಯಾಸ ನನಗಿಲ್ಲ. ಆದರೆ ಹೋದ ಬೇಸಿಗೆಯ ಆ ಎರಡು ಮೂರು ದಿನಗಳಲ್ಲಿ ಯಾರನ್ನು ಕೇಳಬೇಕೆಂದೇ ನನಗೆ ತಿಳಿದಿರಲಿಲ್ಲ. ಕೇಳಿದವರಲ್ಲಿ ಅರ್ಧ ಜನ ನಕ್ಕರು. ನಿಮ್ಮ ಹಿತ್ತಲಲ್ಲೂ ಒಂದು ನಾಯಿ ಬೆನ್ನು ಬಿಲ್ಲು ಮಾಡಿ ನಿಂತಾಗ, ಹೀಗೆಯೇ ಇನ್ನೊಬ್ಬಳು ನಿಂತು ನೋಡಿದ್ದಳು ಎಂಬುದು ನೆನಪಾದರೆ ಅಷ್ಟು ಸಾಕು.

ಖಾನಾಪುರದಲ್ಲಿ ಓಣಿಗೊಂದು ಮೋತಿ. ನಮ್ಮ ಮೋತಿ ಜೋಳದ ಹಿಟ್ಟಿನ ಬಣ್ಣದ ಊರನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ್ದು. ನಾನು ಎಂ.ಎಸ್ಸಿ. ಓದಲು ಧಾರವಾಡದ ಹಾಸ್ಟೆಲಿಗೆ ಹೋದ ವರ್ಷ, ತಾನಾಗಿಯೇ ಹಿತ್ತಲಿಗೆ ಬಂದು ಎಮ್ಮೆಯ ಕೊಟ್ಟಿಗೆಯಲ್ಲಿ ಮಲಗಿದ ಮರಿ. ಮನೆಗೆ ಕಿರಿಯವಳು ನಾನು. ನಾನು ಹೋದ ಮೇಲೆ ಅವ್ವ ಅವನನ್ನು "ನನ್ನ ಸಣ್ಣ ಮಗಾ" ಎನ್ನತೊಡಗಿದಳು. ಓದು ಮುಗಿಸಿ ಮರಳಿದಾಗ ನನ್ನ ಜಾಗ ತುಂಬಿಹೋಗಿತ್ತು. ಈಗ ಬೆಳಗಾವಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತಾಗ, ಏನಾಯಿತು ಯಾಕೆ ಸುಮ್ಮನಿದ್ದೀ ಎಂದು ಕೇಳದೆ ಪಕ್ಕದಲ್ಲಿ ಕೂರಲು ಬರುವುದು ಆ ಮನೆಯಲ್ಲಿ ಮೋತಿಗೆ ಮಾತ್ರ.

ಬಸವ ಜಯಂತಿ ಮುಗಿದು ಒಂದೆರಡು ದಿನವಾಗಿತ್ತು. ಕಾಲೇಜಿಗೆ ರಜೆ. ಅದೇ ದಿನ ಮಧ್ಯಾಹ್ನ ಅವ್ವ ಹಾಕಿದ ಹಾಲನ್ನವನ್ನು ಮೋತಿ ತಿಂದ; ನಾವು ಊಟ ಮುಗಿಸಿ ಎಲೆ ಎತ್ತುವಷ್ಟರಲ್ಲಿ ಅಷ್ಟನ್ನೂ ಕಾರಿದ.

"ಹಬ್ಬದ ಹೋಳಿಗಿ ಜಾಸ್ತಿ ಆಗೇತಿ ಮಗಗ," ಎಂದರು ಅಪ್ಪ. ಅಪ್ಪನದು ಪೇಟೆಯಲ್ಲಿ ಕಾಳುಕಡಿಯ ಅಂಗಡಿ. "ಒಂದ ದಿನಾ ಬಿಟ್ಟರ ತಾನ ಹಾದಿಗೆ ಬರ್ತಾನ."

ಆದರೆ ಒಂದು ದಿನ ಬಿಡುವುದು ಅವ್ವನಿಗೆ ಸಾಧ್ಯವಿಲ್ಲದ ಮಾತು. ಅವಳ ಮನೆಯಲ್ಲಿ ಆರೋಗ್ಯವನ್ನು ಅಳೆಯುವುದು ಒಂದೇ ರೀತಿಯಲ್ಲಿ: ಉಂಡರೋ ಇಲ್ಲವೋ. ಬಾಗಿಲಿಗೆ ಬಂದವರು ಉಣ್ಣದೆ ಹೋಗುವಂತಿಲ್ಲ, ಹೊಟ್ಟೆ ಖಾಲಿಯಾದವರು ಖಾಲಿಯಾಗಿ ಉಳಿಯುವಂತಿಲ್ಲ. ಮೋತಿ ಕಾರಿದಾಗಲೆಲ್ಲ ಅವಳು ಕಲ್ಲು ತೊಳೆದು, ಕೈ ತೊಳೆದು, ಮತ್ತೆ ತಾಟಿಗೆ ಏನಾದರೂ ಹಾಕಿದಳು. ಹಾಲು. ಮಜ್ಜಿಗೆ ಅನ್ನ. ಹಾಲಲ್ಲಿ ನೆನೆಸಿದ ರೊಟ್ಟಿ. ಅವಳ ಕೈಯ ಅನ್ನವನ್ನು ಮೋತಿ ಬೇಡ ಎಂದವನಲ್ಲ. ತಿನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಮೂಲೆಗೆ ಹೋಗಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಮೈಯೆಲ್ಲ ಒದ್ದಾಡಿ ಹೊರಗೆ ಹಾಕುತ್ತಿದ್ದ.

"ನೋಡು, ಉಣ್ಣಾಕತ್ತಾನಲ್ಲ," ಎನ್ನುತ್ತಿದ್ದಳು. "ಉಣ್ಣೂತನಾ ಏನೂ ಹೆದರಿಕಿಲ್ಲ."

ನಾನು ಸುಮ್ಮನೆ ನೋಡುತ್ತಿದ್ದೆ. ಮೊದಲು ಹೊರಬಂದದ್ದು ಅನ್ನ. ಆಮೇಲೆ ಹುಳಿ ವಾಸನೆಯ, ಒಡೆದ ಹಾಲು. ಆಮೇಲೆ ಬರೀ ಹಳದಿ ನೀರು. ಮರುದಿನ ಬೆಳಿಗ್ಗೆ ಕುಡಿದ ನೀರೂ ನಿಲ್ಲಲಿಲ್ಲ; ನೆಲಕ್ಕೆ ಬಿದ್ದಾಗಲೂ ಅದು ಬರೀ ನೀರಾಗಿಯೇ ಇತ್ತು. ಹೊರಗೆ ಹೋಗಿ ಕೂತರೂ ಮಲ ಆಗಿರಲಿಲ್ಲ. ಹಿತ್ತಲಲ್ಲಿ ಅವನು ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಂತ. ಸಾಷ್ಟಾಂಗ ಹಾಕಲು ಹೊರಟವನು ಅರ್ಧಕ್ಕೇ ಮರೆತು ನಿಂತ ಹಾಗೆ. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೆ ನಿಲ್ಲುತ್ತದೆ. ಆದರೆ ಆಟಕ್ಕೆ ಕರೆಯುವ ನಾಯಿ ನಿಮ್ಮ ಮುಖ ನೋಡುತ್ತದೆ. ಮೋತಿ ನೆಲ ನೋಡುತ್ತಿದ್ದ. ಅವನ ತುಟಿ ಎತ್ತಿ ವಸಡು ಮುಟ್ಟಿದೆ. ಒದ್ದೆಯಿರಬೇಕಾದ ಜಾಗಕ್ಕೆ ನನ್ನ ಬೆರಳು ಅಂಟಿಕೊಂಡಿತು.

"ಅವ್ವಾ, ದವಾಖಾನಿಗೆ ಹೋಗೂಣು."

"ಮುಂಜಾನಿ ನೀರ ಕುಡದಾನಲ್ಲ?"

"ಕುಡದದ್ದು ಅಲ್ಲೇ ಬಿದ್ದೈತಿ, ನೋಡು."

ಅಪ್ಪ ಅಂಗಿ ತೊಡುತ್ತಿದ್ದವರು ತಿರುಗಿ ನೋಡಿದರು. "ನಾಯಿಗೆ ದವಾಖಾನಿ? ಪ್ಯಾಟ್ಯಾಗ ನಗತಾರ ತಂಗಿ." ಅವರು ಹೊರಗೆ ಹೋಗಿ, ಕೈಯಲ್ಲಿ ಒಂದು ಗೋಣಿಚೀಲ ಹಿಡಿದು ಮರಳಿ ಬಂದರು. ಅಂಗಳದಲ್ಲಿ ಅದನ್ನು ಚೆನ್ನಾಗಿ ಕೊಡವಿದರು. "ಇದರಾಗ ಸುತ್ತಿ ಒಯ್ಯಿರಿ. ಹೊಸಾದೈತಿ, ಧೂಳಿಲ್ಲ."

ಊರಿನ ಜಾನುವಾರು ದವಾಖಾನೆಯಲ್ಲಿ ಡಾಕ್ಟರು ಇರಲಿಲ್ಲ. ದನಗಳಿಗೆ ಲಸಿಕೆ ಹಾಕಲು ಬೀಡಿ ಎಂಬ ಊರಿನ ಕಡೆ ಹೋಗಿದ್ದರು. ಸಂಜೆಗೆ ಬಂದರೆ ಬಂದರು ಎಂದರು ಅಲ್ಲಿದ್ದವರು. ನಾವು ಅಲ್ಲಿಂದ ನೇರವಾಗಿ ಸ್ಟೇಷನ್ನಿಗೆ ನಡೆದೆವು.

ರೈಲಿನಲ್ಲಿ ನಾಯಿಗೆ ಗಾರ್ಡಿನ ಡಬ್ಬಿಯಲ್ಲಿ ಜಾಗ. ಅಲ್ಲಿ ಕಬ್ಬಿಣದ ಸಣ್ಣ ಗೂಡೊಂದು ಇರುತ್ತದೆ. ದಿನವೂ ಅದೇ ರೈಲಿಗೆ ಹೋಗುವ ನನಗೆ ಗಾರ್ಡಿನ ಮುಖಪರಿಚಯವಿತ್ತು, ಮಾತಿರಲಿಲ್ಲ. ಅವರು ಗೋಣಿಚೀಲದಿಂದ ಹೊರಗೆ ಕಾಣುವ ಮೂತಿ ನೋಡಿ, "ಏನಾಗೇತ್ರಿ ಬಾಯಾರ ಇದಕ್ಕ?" ಎಂದರು.

"ವಾಂತಿ ನಿಲ್ಲವಲ್ದು."

"ಅರೇ, ಗೂಡಿನಾಗ ಮಾಡಿಕೊಂತಂದ್ರ ಒರಸೂದ್ಯಾರು?"

"ನಾ ಒರಸತೇನಿ," ಎಂದಳು ಅವ್ವ. "ನನ್ನ ಸೆರಗ ಐತಿ."

ಗಾರ್ಡು ಅವ್ವನ ಸೀರೆ ನೋಡಿದರು. ಅವಸರದಲ್ಲಿ ಅವಳು ಹಬ್ಬದ ಇಳಕಲ್ ಸೀರೆಯನ್ನೇ ಉಟ್ಟು ಬಂದಿದ್ದಳು. "ಬ್ಯಾಡ್ರಿ, ಅಂಥಾ ಸೀರಿ ಹಾಳ ಮಾಡ್ಕೋಬ್ಯಾಡ್ರಿ," ಎಂದು ಹಳೆಯ ಹಸಿರು ಬಾವುಟದ ಬಟ್ಟೆಯೊಂದನ್ನು ಗೂಡಿನಲ್ಲಿ ಹಾಸಿದರು. ಅವ್ವ ಪ್ರಯಾಣಿಕರ ಡಬ್ಬಿಗೆ ಹೋಗಲು ಒಪ್ಪಲಿಲ್ಲ. ಬೆಳಗಾವಿಯವರೆಗೂ ಗಾರ್ಡಿನ ಪೆಟ್ಟಿಗೆಯ ಮೇಲೆ ಕೂತಳು. ಗಾರ್ಡು ಅದನ್ನು ಕಾಣದವರಂತೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಬೆಳಗಾವಿಯ ಜಾನುವಾರು ದವಾಖಾನೆಯಲ್ಲಿ ಕಾಯುವ ಕೋಣೆ ಎಂಬುದಿಲ್ಲ, ಒಂದು ಬೇವಿನ ಮರ ಇದೆ. ಅದರ ಕೆಳಗೆ ಹೊಟ್ಟೆ ಉಬ್ಬಿದ ಎಮ್ಮೆ, ಕಾಲು ಕುಂಟುವ ಹೋರಿ, ನಾಲ್ಕೈದು ಆಡು. ನಾಯಿ ತಂದವರು ನಾವೊಬ್ಬರೇ. ಕಂಬಳಿ ಹೊದ್ದ ಮುದುಕನೊಬ್ಬ ತನ್ನ ಆಡಿನ ಹಗ್ಗ ಹಿಡಿದು ನಮ್ಮ ಪಕ್ಕಕ್ಕೇ ಬಂದು ಕುಕ್ಕರಗಾಲಲ್ಲಿ ಕೂತ.

"ಏನಬೇ ಅಕ್ಕಾ, ಊರನಾಯಿಗೂ ದವಾಖಾನಿ ತೋರಸ್ತಿ? ಮುಂದ ಕೋಳಿನೂ ಹೊತಗೊಂಡ ಬರ್ತಿ ಏನು?"

"ನಿನ್ನ ಆಡಿಗೇನಾಗೇತಿ, ಅದನ್ನ ಹೇಳು," ಎಂದಳು ಅವ್ವ.

"ಇದಕ್ಕ? ಸೊಕ್ಕ ಬಂದೈತಿ, ಮತ್ತೇನಿಲ್ಲ. ಮೇವು ಆರಿಸಿ ತಿಂತೈತಿ."

ಅಷ್ಟರಲ್ಲಿ ಮೋತಿ ಗೋಣಿಯ ಮೇಲೆಯೇ ಒದ್ದಾಡಿದ. ಬಂದದ್ದು ಒಂದು ಚಮಚದಷ್ಟು ಕಂದು ನೀರು. ಅದಾದ ಮೇಲೆ ತಲೆ ಎತ್ತಲಿಲ್ಲ. ಮುದುಕ ಬಗ್ಗಿ ನೋಡಿದ. ನಗಲಿಲ್ಲ. ಎದ್ದು ಹೋಗಿ ಸಾಲಿನ ಮುಂದಿದ್ದವರ ಜೊತೆ ಏನೋ ಮಾತಾಡಿದ. ಮರಳಿ ಬಂದು, "ಹೋಗಬೇ, ಒಳಗ ಹೋಗು. ನನ್ನ ಆಡು ಮೂರ ಸಲ ಈದಾಕಿ, ಆಕಿಗೆ ಕಾಯೂದು ಗೊತ್ತೈತಿ," ಎಂದ.

ಡಾಕ್ಟರು ನಡುವಯಸ್ಸಿನವರು, ಕೈಗೆ ಇನ್ನೂ ಸಾಬೂನಿನ ನೊರೆ ಇತ್ತು. ಮೋತಿಯನ್ನು ಮೇಜಿನ ಮೇಲೆ ಮಲಗಿಸಿದೆವು. ಅವರು ಬೆನ್ನಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಗುಡಾರದಂತೆ ಎದ್ದು ನಿಂತು, ನಿಧಾನವಾಗಿ ಕೆಳಗಿಳಿಯಿತು.

"ಏನ ತಿಂದಾನ?"

ಅವ್ವ ಶುರುಮಾಡಿದಳು. ಹಾಲನ್ನ, ಮಜ್ಜಿಗೆ ಅನ್ನ, ರೊಟ್ಟಿ. ಚೆನ್ನಾಗಿ ಉಂಡಿದ್ದಾನೆ, ಒಂದು ಹೊತ್ತೂ ತಪ್ಪಿಸಿಲ್ಲ ಎಂದು ಬಹಳ ವಿವರವಾಗಿ ಹೇಳಿದಳು. ಪರೀಕ್ಷೆಯಲ್ಲಿ ಮಗ ಪಾಸಾದದ್ದನ್ನು ಹೇಳುವ ಹಾಗೆ.

"ಉಂಡದ್ದು ಬ್ಯಾಡ್ರಿ ತಾಯಿ," ಎಂದರು ಡಾಕ್ಟರು. "ಉಳದದ್ದು ಹೇಳ್ರಿ."

ಅವ್ವ ನನ್ನ ಕಡೆ ತಿರುಗಿದಳು. ಆಗ ನಾನು ಹೇಳಿದೆ: ಮೊದಲು ಅನ್ನ, ಆಮೇಲೆ ಒಡೆದ ಹಾಲು, ಆಮೇಲೆ ಹಳದಿ, ಈಗ ಕಂದು. ಇವತ್ತು ಬೆಳಿಗ್ಗೆಯಿಂದ ನೀರೂ ಉಳಿದಿಲ್ಲ. ಬಾಯಿಂದ ಸುಮ್ಮನೆ ಜಾರಿ ಬೀಳುವುದಲ್ಲ, ಹೊಟ್ಟೆ ಹಿಂಡಿಕೊಂಡು ಬರುತ್ತದೆ. ಮಲ ಇಲ್ಲ. ಇಲಿ ಪಾಷಾಣ ನಮ್ಮ ಮನೆಯಲ್ಲಿ ಇಡುವುದಿಲ್ಲ. ಹೇಳುವಾಗ ನನ್ನ ದನಿ ತರಗತಿಯಲ್ಲಿ ಇದ್ದ ಹಾಗೆಯೇ ಇತ್ತು.

ಆ ಬೇಸಿಗೆಯಿಂದೀಚೆಗೆ ನಮ್ಮ ಓಣಿಯವರು ತಮ್ಮ ನಾಯಿ ಕಾರಿಕೊಂಡರೆ ನನ್ನನ್ನು ಕೇಳುವುದು ರೂಢಿಯಾಗಿದೆ. ನಾನು ಡಾಕ್ಟರಲ್ಲ ಎಂದೇ ಮೊದಲು ಹೇಳುತ್ತೇನೆ. ಒಂದೆರಡು ಸಲ ಕಾರಿ, ಆಮೇಲೆ ಹಾದಿಯಲ್ಲಿ ಹೋಗುವವರಿಗೆಲ್ಲ ಬೊಗಳುತ್ತಿದ್ದರೆ, ಕೆಲವು ತಾಸು ತಾಟು ಖಾಲಿ ಇಟ್ಟು ನೋಡಬಹುದು. ಸಣ್ಣ ಮರಿಯಾದರೆ, ಮುದಿ ನಾಯಿಯಾದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ಏನಾದರೂ ನುಂಗಿದ ಅನುಮಾನವಿದ್ದರೆ, ನೀರೂ ನಿಲ್ಲದಿದ್ದರೆ, ನಿಮ್ಮನ್ನು ನೋಡಿ ಬಾಲ ಎತ್ತದಿದ್ದರೆ, ನೋಡುತ್ತ ಕೂರಬೇಡಿ, ಹೊರಡಿ ಎನ್ನುತ್ತೇನೆ. ನಗುವವರು ನಗಲಿ.

ಅಂದು ನನ್ನ ಮಾತು ಮುಗಿದ ಮೇಲೆ ಡಾಕ್ಟರು ಎರಡೂ ಕೈಯಿಂದ ಹೊಟ್ಟೆಯನ್ನು ಒತ್ತುತ್ತ ಬಂದು ಒಂದು ಕಡೆ ನಿಂತರು. ನನ್ನ ಕೈ ಹಿಡಿದು ಅಲ್ಲಿಟ್ಟರು. ತೆಳುವಾದ ಚರ್ಮದ ಕೆಳಗೆ ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು. ಉದ್ದಕ್ಕೆ ಚಪ್ಪಟೆ, ಒಂದು ಬದಿ ಏಣು.

"ಏನೋ ನುಂಗ್ಯಾನ. ಕರಳಿನಾಗ ಸಿಕ್ಕೊಂಡೈತಿ. ಮನ್ಯಾಗ ಮಾವಿನಹಣ್ಣ ತಂದಿದ್ರಿ ಏನು?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಮ್ಮ ಮನೆಯಲ್ಲಿ ಬಸವ ಜಯಂತಿಗೆ ಹೋಳಿಗೆ ಮತ್ತು ಸೀಕರಣೆ. ಅವ್ವ ಹಣ್ಣುಗಳನ್ನು ಹಿಂಡಿ ರಸ ತೆಗೆಯುವಾಗ ಒಂದು ಗೊರಟೆಯನ್ನು ಮಾತ್ರ ಪೂರ್ತಿ ಹಿಂಡದೆ ಬಿಡುತ್ತಾಳೆ. ನಾರಿನಲ್ಲಿ ರಸ ನಿಂತ ಆ ಗೊರಟೆ ಚೀಪುವುದಕ್ಕೆ ಮನೆಯ ಕಿರಿಯ ಮಗುವಿಗೆ. ಅವಳ ತವರಿನಿಂದ ಬಂದ ಪದ್ಧತಿ ಅದು. ಒಂದು ಕಾಲಕ್ಕೆ ಅದು ನನ್ನ ಹಕ್ಕಾಗಿತ್ತು; ಮೊಣಕೈವರೆಗೆ ರಸ ಇಳಿಸಿಕೊಂಡು ಚೀಪಿ, ಬೆಳ್ಳಗಾದ ಗೊರಟೆಯನ್ನು ತಿಪ್ಪೆಗೆ ಎಸೆಯುತ್ತಿದ್ದೆ. ನಾನು ಧಾರವಾಡಕ್ಕೆ ಹೋದ ಮೇಲೆ ಆ ಹಕ್ಕು ಮೋತಿಗೆ ಹೋಯಿತು. ಮರಿಯಾಗಿದ್ದಾಗ ನೆಕ್ಕಿ ನೆಕ್ಕಿ ಬಿಡುತ್ತಿದ್ದ. ಈಗ ಬಾಯಿ ದೊಡ್ಡದಾಗಿತ್ತು. ಚೀಪಿದ್ದನ್ನು ಉಗುಳಬೇಕೆಂದು ಅವನಿಗೆ ಯಾರು ಹೇಳಿಕೊಡಬೇಕು?

"ನಾನ ಕೊಟ್ಟೇನ್ರಿ," ಎಂದಳು ಅವ್ವ. "ನನ್ನ ಕೈಯಾರೆ ಕೊಟ್ಟೇನಿ."

"ಪ್ರೀತಿಲೇ ಕೊಟ್ಟೀರಿ. ವಿಷಾ ಅಲ್ಲಲ್ಲ," ಎಂದರು ಡಾಕ್ಟರು. "ತೆರದು ತಗೀಬೇಕು. ಎಮ್ಮಿ ಹೊಟ್ಟಿ ಬಾಳ ತೆರದೇನಿ, ನಾಯಿದು ಕಡಿಮಿ. ಅಂವ ಸೋತಾನ, ಮೈಯಾಗ ನೀರಿಲ್ಲ. ಮೊದಲ ಸಲೈನ್ ಹಚ್ಚೂಣು. ಖರೇ ಹೇಳ್ತೇನಿ, ಖಾತ್ರಿ ಕೊಡೂದಿಲ್ಲ. ಬಿಟ್ಟರ ಮಾತ್ರ ಉಳಿಯೂದಿಲ್ಲ, ಆ ಖಾತ್ರಿ ಐತಿ."

ಅವ್ವ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

ಬಾಟಲಿಯ ನೀರು ಹನಿಹನಿಯಾಗಿ ಇಳಿಯುವಾಗ ಮೋತಿಯ ಕಾಲನ್ನು ನಾನು ಹಿಡಿದುಕೊಂಡೆ. ಆಮೇಲೆ ಬಾಗಿಲು ಮುಚ್ಚಿದರು. ನಾವು ಮತ್ತೆ ಬೇವಿನ ಮರದ ಕೆಳಗೆ ಬಂದೆವು. ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ. ಅವ್ವನ ಪಕ್ಕದಲ್ಲಿ, ಭುಜ ತಾಗುವ ಹಾಗೆ ಕೂತೆ. ಆಡಿನ ಮುದುಕ ಕೆಲಸ ಮುಗಿದರೂ ಹೋಗಿರಲಿಲ್ಲ. ಕಂಬಳಿಯ ಗಂಟಿನಿಂದ ಹುರಿದ ಶೇಂಗಾ ತೆಗೆದು ನಮ್ಮಿಬ್ಬರ ನಡುವೆ ಇಟ್ಟ. ಯಾರೂ ತಿನ್ನಲಿಲ್ಲ. ಅವನ ಆಡು ತಿಂದಿತು.

ಬಾಗಿಲು ತೆರೆದಾಗ ಡಾಕ್ಟರ ಕೈಯಲ್ಲಿ ಬಿಳಿ ತಟ್ಟೆ ಇತ್ತು. ಅದರಲ್ಲಿ ಕಪ್ಪಾಗಿ ನುಣುಪಾಗಿದ್ದ ಗೊರಟೆ. "ಬಂತು. ಕರಳು ಕೆಂಪಾಗೇತಿ, ಸತ್ತಿಲ್ಲ. ಇನ್ನೊಂದ ದಿನಾ ತಡಾ ಮಾಡಿದ್ರ ಈ ಮಾತ ಹೇಳ್ತಿರಲಿಲ್ಲ." ಅವರ ಹಣೆಯಲ್ಲಿ ಬೆವರಿತ್ತು. "ಈಗ ಕೇಳ್ರಿ. ನಾಳೆ ಮುಂಜಾನಿತನಾ ಬಾಯಿಗೆ ಒಂದ ಹನಿ ನೀರೂ ಬ್ಯಾಡ. ಹೊಲಿಗಿ ಹಸಿ ಐತಿ. ನಾಳೆ ಒಂದ ಚಮಚ ನೀರು, ಅಷ್ಟ. ಆಮ್ಯಾಲೆ ಕಾಯ್ರಿ. ನಿಂತಿತಂದ್ರ ಇನ್ನೊಂದು. ಮತ್ತ ವಾಂತಿ ಶುರು ಆತಂದ್ರ ಕೂಡಲೇ ನನ್ನ ಕಡೆ ತರ್ರಿ. ಆದ್ರ ಎರಡನೇ ಸಲ ತೆರದ್ರ ಅಂವ ತಡಕೊಳ್ಳೂದು ಕಷ್ಟ."

ರಾತ್ರಿ ಬೆಳಗಾವಿಯಲ್ಲೇ ಇರಬೇಕು ಎಂದರು. ಟಿಳಕವಾಡಿಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವ ಇದ್ದಾಳೆ. ಅವಳ ಮನೆಯ ನೆಲದಲ್ಲಿ ಮುಖ ಕಾಣುತ್ತದೆ; ಹೊರಗಿನ ಚಪ್ಪಲಿಯ ನೆರಳೂ ಹೊಸ್ತಿಲು ದಾಟುವಂತಿಲ್ಲ. ಟಾಂಗಾ ಇಳಿದಾಗ ಅವಳು ಬಾಗಿಲಲ್ಲಿ ನಿಂತು ನಮ್ಮನ್ನು, ಹೊಟ್ಟೆಗೆ ಪಟ್ಟಿ ಸುತ್ತಿಕೊಂಡು ಅಮಲಿನಲ್ಲಿದ್ದ ಮೋತಿಯನ್ನು ನೋಡಿದಳು. ಹಿಂದಿನ ವರಾಂಡದಲ್ಲಿ ಇರುತ್ತೇವೆ ಎಂದು ಹೇಳಲು ನಾನು ಬಾಯಿ ತೆರೆದೆ.

"ಹಿಂದ ಇರಿವಿ ಅದಾವು," ಎಂದಳು ಚಿಗವ್ವ. "ದೇವರ ಕೋಣಿ ಬಾಗಲಾ ಹಾಕು, ಒಳಗ ತಾ."

ಆ ಸಂಜೆ ನನಗೆ ಮೋತಿಗಿಂತ ಅವ್ವನನ್ನು ನೋಡುವುದು ಕಷ್ಟವಾಯಿತು. ಎಚ್ಚರವಾದಂತೆ ಅವನು ಒಣ ತುಟಿ ನೆಕ್ಕಿಕೊಳ್ಳುತ್ತ, ಅಡುಗೆಮನೆಯಲ್ಲಿ ಕೊಡದ ಸದ್ದಾದರೆ ಅತ್ತ ಕಣ್ಣು ಹೊರಳಿಸುತ್ತಿದ್ದ. ಅವ್ವ ಒಮ್ಮೆ ಎದ್ದು ಹೋಗಿ ಲೋಟ ಹಿಡಿದಳು. ನಾನು ನೋಡುತ್ತಿದ್ದೆ. ಲೋಟವನ್ನು ಬೋರಲು ಹಾಕಿ ಬಂದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

"ನಾಯಿ ಉಪಾಸ ಅಂತ ನೀನೂ ಉಪಾಸೇನ?" ಚಿಗವ್ವ ಗದರಿದಳು. "ಡಾಕ್ಟರ್ ನಿನ್ನ ಹೊಟ್ಟೀನೂ ಕೊಯ್ದಾರೇನು?"

"ಅವನ ಮುಂದ ಹ್ಯಾಂಗ ಉಣ್ಣಲೇ?"

"ಹಂಗಾರ ಅವನ ಹಿಂದ ಕೂತು ಉಣ್ಣು." ಚಿಗವ್ವ ತಾಟನ್ನು ಅಡುಗೆಮನೆಯ ಬಾಗಿಲ ಹಿಂದೆ ಇಟ್ಟಳು. ಅವ್ವನಿಗೆ ನಗು ಬಂತು. ಅಳುವೂ ಬಂತು. ಗೋಡೆಯ ಕಡೆ ಮುಖ ಮಾಡಿ ಎರಡು ತುತ್ತು ಉಂಡಳು.

ಮರುದಿನ ಬೆಳಿಗ್ಗೆ ನಾನು ನೀರು ಕುದಿಸಿ ಆರಿಸಿದೆ. ಒಂದು ಚಮಚ ತುಂಬಿಕೊಂಡು ಅವ್ವನ ಮುಂದೆ ಹಿಡಿದೆ. ಅವಳು ಕೈ ಹಿಂದೆಳೆದುಕೊಂಡಳು.

"ನನ್ನ ಕೈಲೇ ಬ್ಯಾಡವಾ. ನೀನ ಹಾಕು."

ನಾನು ಅವಳ ಮುಂಗೈ ಹಿಡಿದು ಚಮಚವನ್ನು ಬೆರಳುಗಳ ನಡುವೆ ಇಟ್ಟೆ. ಸ್ವಲ್ಪ ನೀರು ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಮೋತಿ ನೆಕ್ಕಿದ. ಆಮೇಲೆ ನಾವು ಕಾದೆವು. ಚಿಗವ್ವ ಸದ್ದು ಬೇಡವೆಂದು ಸ್ಟೋವ್ ಆರಿಸಿ ಬಾಗಿಲಿಗೆ ಒರಗಿ ನಿಂತಳು. ಅವ್ವ ಎರಡೂ ಕೈಯನ್ನು ಮಡಿಲಲ್ಲಿ ಬಿಗಿದು ಕೂತಿದ್ದಳು. ನಾನು ಅವನ ಹೊಟ್ಟೆಯ ಪಟ್ಟಿಯನ್ನೇ ನೋಡುತ್ತಿದ್ದೆ. ಅದು ಉಸಿರಿಗೆ ಏರಿತು, ಇಳಿಯಿತು. ಒಳಗೆ ಎಳೆದುಕೊಳ್ಳಲಿಲ್ಲ. ಬೀದಿಯಲ್ಲಿ ಹಾಲಿನವನು ಬಂದು ಹೋದ. ಬಿಸಿಲು ಕಿಟಕಿಯಿಂದ ನೆಲಕ್ಕೆ ಇಳಿಯಿತು. ಮೋತಿ ತಲೆ ಎತ್ತಿ, ಅವ್ವನ ಕೈ ಇದ್ದ ಕಡೆ ಮೂತಿ ಚಾಚಿದ.

"ಇನ್ನೊಂದು ಹಾಕ್ಲೇನ?" ಅವ್ವ ನನ್ನನ್ನು ಕೇಳಿದಳು.

ಯಾರಿಗಾದರೂ ಬಡಿಸುವ ಮೊದಲು ಅವಳು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಚಮಚ ತುಂಬಿ ಅವಳ ಕೈಗೆ ಕೊಟ್ಟೆ.